ಟರ್ಬೋದ ಸೀಟಿಗೆ ಕೌದಿ ಹೊದಿಸುವ ನರ್ಮದಾ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಬಾಕಿ. ಪುಣೆಯ ಕಾತ್ರಜ ಘಾಟಿನ ಏರಿನಲ್ಲಿ ಹತ್ತು ಗಾಲಿಯ ಲಾರಿಯೊಂದು ಏದುಸಿರು ಬಿಡುತ್ತ ಹತ್ತುತ್ತಿದೆ. ಮಾರ್ಕೆಟ್ ಯಾರ್ಡಿನಲ್ಲಿ ತುಂಬಿಕೊಂಡ ಬೆಲ್ಲದ ಪೆಂಟೆ, ಬೇಳೆ ಚೀಲ, ಎಣ್ಣೆ ಡಬ್ಬಿಗಳೆಲ್ಲ ಹಿಂದೆ ತಾಡಪತ್ರಿಯ ಕೆಳಗಿವೆ. ಸ್ಟೇರಿಂಗ್ ಹಿಡಿದವನು ಪ್ರಜ್ವಲ, ನಿಪ್ಪಾಣಿ ಕಡೆಯ ಇಪ್ಪತ್ತೇಳರ ಡ್ರೈವರ್. ಅವನ ಎಡಗಡೆಯ ಸೀಟಿನಲ್ಲಿ ಐವತ್ತೊಂದು ವರ್ಷದ ನರ್ಮದಾ ಹೂಲಿ ಕೂತಿದ್ದಾರೆ. ಚಪ್ಪಲಿ ಬಿಚ್ಚಿಟ್ಟು ಎರಡೂ ಪಾದಗಳನ್ನು ಕ್ಯಾಬಿನ್ನಿನ ನೆಲಕ್ಕೆ ಊರಿದ್ದಾರೆ. ಇಬ್ಬರ ನಡುವೆ ಉಬ್ಬಿಕೊಂಡಿರುವ ಎಂಜಿನ್ ಮುಚ್ಚಳದ ಮೇಲೆ ಅವರ ಬಲಗೈ ಇದೆ. ಕಣ್ಣು ಮುಚ್ಚಿವೆ.

"ಒತ್ತಪಾ ಇನ್ನಷ್ಟು," ಎನ್ನುತ್ತಾರೆ. ಪ್ರಜ್ವಲ ಎಕ್ಸಲರೇಟರ್ ಒತ್ತುತ್ತಾನೆ. ಎಂಜಿನ್ನಿನ ಗುಡುಗಿನೊಳಗಿಂದ ಒಂದು ಸಣ್ಣ ಸೀಟಿ ಹುಟ್ಟುತ್ತದೆ, ದಪ್ಪವಾಗುತ್ತದೆ, ಕ್ಯಾಬಿನ್ನಿನ ತಗಡಿಗೆಲ್ಲ ಬಡಿದು ಕಿವಿಯಲ್ಲಿ ಬಂದು ಕೂರುತ್ತದೆ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋದ ಚಕ್ರ ಅದು. ನಿಮಿಷಕ್ಕೆ ಲಕ್ಷದ ಹತ್ತಿರ ಸುತ್ತು ತಿರುಗುತ್ತದೆ. ದಿನಕ್ಕೆ ಹನ್ನೆರಡು ತಾಸು ಅದರ ಪಕ್ಕದಲ್ಲೇ ಕೂತವನಿಗೆ, ಲಾರಿ ನಿಂತ ಮೇಲೂ ಅದು ನಿಲ್ಲುವುದಿಲ್ಲ.

"ಬಿಡು. ಈಗ ಮತ್ತ ಒತ್ತು."

ಮೂರು ಸಲ ಒತ್ತಿಸಿ, ಮೂರು ಸಲ ಬಿಡಿಸಿದ ಮೇಲೆ ನರ್ಮದಾ ಕಣ್ಣು ತೆರೆಯುತ್ತಾರೆ. ಬ್ಲೌಸಿನೊಳಗಿಂದ ಪುಟ್ಟ ಚೀಟಿ ತೆಗೆದು ಪೆನ್ಸಿಲ್ಲಿನಲ್ಲಿ ಏನೋ ಬರೆದುಕೊಳ್ಳುತ್ತಾರೆ. ಮೇಲೆ ಹೋಗಿ ಲಾರಿ ತಿರುಗಿಸುವ ಹೊತ್ತಿಗೆ ಕೆಳಗಿನ ಊರಿನ ದೀಪಗಳು ಒಂದೊಂದಾಗಿ ಆರುತ್ತಿವೆ.

ಕಾತ್ರಜಕ್ಕೆ ಹತ್ತಿರದಲ್ಲೇ, ಧನಕವಡಿಯ ಅಂಚಿನ ಒಂದು ತಗಡಿನ ಶೆಡ್ಡಿನಲ್ಲಿ ನರ್ಮದಾ ಅವರ ಕೆಲಸ. ಫಲಕವಿಲ್ಲ. ಫೋನ್ ನಂಬರ್ ಬರೆದಿಲ್ಲ. ಆದರೂ ಕೊಲ್ಹಾಪುರ, ಬೆಳಗಾವಿ, ಸೊಲ್ಲಾಪುರದ ಡ್ರೈವರುಗಳು ಕೇಳಿಕೊಂಡು ಬರುತ್ತಾರೆ. ಲಾರಿಯ ಕ್ಯಾಬಿನ್ನಿನೊಳಗೆ ಟರ್ಬೋದ ಸಪ್ಪಳ ಎಷ್ಟು ಬರಬೇಕು, ಎಷ್ಟು ಬರಬಾರದು ಎಂದು ನೋಡಿ ಹದ ಮಾಡಿಕೊಡುವುದು ಅವರ ಉದ್ಯೋಗ. ಅದಕ್ಕೆ ಅವರು ಬಳಸುವುದು ಕೌದಿ. ನಮ್ಮ ಕಡೆ ಹಳೆಯ ಸೀರೆ, ಧೋತರಗಳನ್ನು ಪದರುಪದರಾಗಿ ಜೋಡಿಸಿ, ಸಾಲುಸಾಲು ದಾರ ಓಡಿಸಿ ಹೊಲಿಯುತ್ತೇವಲ್ಲ, ಅದೇ ಕೌದಿ. ಎಂಜಿನ್ ಮುಚ್ಚಳಕ್ಕೊಂದು, ಕಾಲಡಿಗೊಂದು, ಸೀಟಿನ ಹಿಂದಿನ ಗೋಡೆಗೊಂದು. ಬಟ್ಟೆಯ ನಡುವೆ ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ನಮದಾ, ಕೆಳಗೆ ದಪ್ಪ ರಬ್ಬರು, ಮೇಲೆ ಒರೆಸಿದರೆ ಕೊಳೆ ಹೋಗುವಂಥ ರೆಗ್ಝಿನ್. ಒಂದು ಲಾರಿಗೆ ಸುಮಾರು ಹನ್ನೊಂದು ಕಿಲೋ ತೂಕದ ಸರಕು, ಎರಡು ಸಾವಿರಕ್ಕೂ ಮೇಲ್ಪಟ್ಟ ಹೊಲಿಗೆ.

ಉಳಿದರ್ಧ ಕೆಲಸ ಅವರ ಗಂಡ ಗೂಳಪ್ಪ ಅವರದು. ಇಪ್ಪತ್ತಾರು ವರ್ಷ ಲಾರಿ ಓಡಿಸಿದ ಮನುಷ್ಯ. ಗಾಳಿ ಎಳೆದುಕೊಳ್ಳುವ ಪೈಪಿನ ಬಾಯಿ ಡ್ರೈವರನ ಕಿವಿಯ ಕಡೆ ಇದ್ದರೆ ಅದನ್ನು ಆಚೆ ತಿರುಗಿಸುತ್ತಾರೆ, ನಡುವೆ ರಬ್ಬರಿನ ಜೋಡಣೆ ಕೊಡುತ್ತಾರೆ, ಸಡಿಲಾದ ಪಟ್ಟಿಗಳನ್ನು ಬಿಗಿಯುತ್ತಾರೆ, ವೈರು ಹಾಯ್ದ ತೂತುಗಳನ್ನು ಮುಚ್ಚುತ್ತಾರೆ. ಕೆಲವು ಹುಡುಗರು ಉಲ್ಟಾ ಕೇಳಿಕೊಂಡು ಬರುವುದೂ ಉಂಟು. ಸೀಟಿ ಕಮ್ಮಿ ಆಯಿತು, ಜೋರು ಮಾಡಿಕೊಡಿ ಎಂದು.

"ಹಂಗ ಕೇಳಿದವರಿಗೆ ಒಂದ ಮಾತ ಹೇಳ್ತೀನ್ರಿ," ಎನ್ನುತ್ತಾರೆ ಗೂಳಪ್ಪ. "ನನ್ನ ಕಡೆ ನೋಡು, ನಾ ಎಷ್ಟ ಜೋರಾಗಿ ಮಾತಾಡಾಕತ್ತೀನಿ ನೋಡು ಅಂತ. ಆಮ್ಯಾಲ ಯಾರೂ ಕೇಳೂದಿಲ್ಲ."

ಅವರು ಜೋರಾಗಿಯೇ ಮಾತಾಡುತ್ತಾರೆ. ಎದುರಿಗೆ ಕೂತವರ ಮಾತು ಅರ್ಧ ಕೇಳಿಸುತ್ತದೆ, ಅರ್ಧ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ನರ್ಮದಾ ಅವರ ಉದ್ಯೋಗ ಶುರುವಾದದ್ದೇ ಆ ಕಿವಿಯಿಂದ.

ನರ್ಮದಾ ಹುಟ್ಟಿದ್ದು ಬೈಲಹೊಂಗಲದ ಹತ್ತಿರದ ಹಳ್ಳಿಯಲ್ಲಿ. ತಾಯಿ ಅವ್ವಮ್ಮ ಊರಿಗೇ ಕೌದಿ ಹೊಲಿದುಕೊಡುವವಳು. ಬಾಣಂತಿಯರಿಗೆ ತೆಳು ಕೌದಿ, ಮುದುಕರಿಗೆ ದಪ್ಪ ಕೌದಿ ಎಂದು ಬಟ್ಟೆ ಮುಟ್ಟಿ ಪದರು ಹೇಳುತ್ತಿದ್ದಳಂತೆ. ಇಪ್ಪತ್ತಕ್ಕೆ ಮದುವೆಯಾಗಿ ನರ್ಮದಾ ಪುಣೆಗೆ ಬಂದರು. ಗೂಳಪ್ಪ ಆಗ ಮಾರ್ಕೆಟ್ ಯಾರ್ಡಿನ ಒಬ್ಬ ಮಾಲಕರ ಲಾರಿಗೆ ಡ್ರೈವರ್. ನರ್ಮದಾ ಅದೇ ಯಾರ್ಡಿನಲ್ಲಿ ಹರಿದ ಚೀಲ ಹೊಲಿಯುವ ಕೆಲಸಕ್ಕೆ ಸೇರಿದರು. ಬೆಳಗ್ಗೆ ಐದಕ್ಕೆ ಹೋದರೆ ಮಧ್ಯಾಹ್ನ ಎರಡರವರೆಗೆ ನೂರಾ ಇಪ್ಪತ್ತು ಚೀಲ. ಮರಾಠಿ ಕಲಿತದ್ದು ಹಮಾಲರ ಬಾಯಿಂದ, ಹಾಗಾಗಿ ಇವತ್ತಿಗೂ ಅವರ ಮರಾಠಿಯಲ್ಲಿ ಬೈಗುಳ ಸ್ವಲ್ಪ ಹೆಚ್ಚು ಎಂದು ಮಗಳು ಪೂರ್ವಾ ನಗುತ್ತಾಳೆ.

ಮಾಲಕರು ಟರ್ಬೋ ಎಂಜಿನ್ನಿನ ಲಾರಿ ತಂದ ಮೇಲೆ ಗೂಳಪ್ಪ ಮನೆಗೆ ಬಂದರೆ ಎರಡು ದಿನ ಸುಮ್ಮನೆ ಕೂರತೊಡಗಿದರು. ಊಟಕ್ಕೆ ಕರೆದರೆ ಏಳುತ್ತಿರಲಿಲ್ಲ. ಸಿಟ್ಟು ಬಂದಿದೆ ಎಂದೇ ನರ್ಮದಾ ತಿಳಿದಿದ್ದರು.

"ಒಂದ ದಿನ ಬೆನ್ನಿಗೆ ಕೈ ಹಚ್ಚಿ ಕರೆದೆ. ಗಾಬರಿ ಆಗಿ ತಿರುಗಿ ನೋಡಿದ್ರು. ನಾ ಬಂದದ್ದ ಗೊತ್ತಾಗಿದ್ದಿಲ್ಲ ಅವರಿಗೆ. ಕಿವಿಯೊಳಗ ಯಾರೋ ಸೀಟಿ ಊದಿದಂಗ ಆಗ್ತದ ನರ್ಮದಾ, ನಿಲ್ಲೂದ ಇಲ್ಲ ಅಂದ್ರು. ನಾ ಆರು ತಿಂಗಳಿಂದ ಅವರ ಮ್ಯಾಲ ಮುನಿಸಿಕೊಂಡು ಕೂತಿದ್ದೆ."

ಮುಂದಿನ ಖೇಪಿಗೆ ನರ್ಮದಾ ತಾವೂ ಲಾರಿ ಹತ್ತಿದರು. ಹುಬ್ಬಳ್ಳಿಗೆ ಹೋಗಿ ಬರುವಷ್ಟರಲ್ಲಿ ಅವರ ತಲೆ ಸಿಡಿಯುವಂತಾಯಿತು. ಆದರೆ ದಾರಿಯುದ್ದಕ್ಕೂ ಅವರು ಕೈಯಿಂದ ಕ್ಯಾಬಿನ್ನಿನ ತಗಡು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಸಪ್ಪಳ ಎಲ್ಲ ಕಡೆಯಿಂದ ಬರುವುದಿಲ್ಲ, ನಾಲ್ಕೈದು ಕಡೆಯಿಂದ ನುಗ್ಗುತ್ತದೆ ಎಂದು ತಿಳಿಯಿತು. ಮನೆಗೆ ಬಂದವರೇ ತಮ್ಮ ಐದು ಹಳೆ ಸೀರೆ, ಗಂಡನ ಎರಡು ಧೋತರ ತೆಗೆದು ಎಂಜಿನ್ ಮುಚ್ಚಳದ ಅಳತೆಗೆ ಕೌದಿ ಹೊಲಿದರು. ಅದು ಎರಡು ಸಾವಿರದ ಹತ್ತನೇ ಇಸವಿ. ಹದಿನೈದು ದಿನದ ಮೇಲೆ ಗೂಳಪ್ಪ ಖೇಪು ಮುಗಿಸಿ ಬಂದು, ಕರೆದ ಕೂಡಲೇ ಊಟಕ್ಕೆ ಎದ್ದರು.

ಯಾರ್ಡಿನ ಡ್ರೈವರುಗಳು ಅವರ ಕ್ಯಾಬಿನ್ನಿನಲ್ಲಿ ಕೂತು ನೋಡಿ, ತಮಗೂ ಬೇಕೆಂದರು. ಎರಡು ವರ್ಷದಲ್ಲಿ ನರ್ಮದಾ ಚೀಲ ಹೊಲಿಯುವುದು ಬಿಟ್ಟರು. ಆಮೇಲಿನ ಐದಾರು ವರ್ಷ ಶೆಡ್ಡಿನ ಮುಂದೆ ಮೂರು ಮೂರು ಲಾರಿ ಪಾಳಿ ಹಚ್ಚಿದ ದಿನಗಳೂ ಇದ್ದವು. ಡ್ರೈವರುಗಳಿಗೆಲ್ಲ ಅವರು ವೈನಿ, ಅಂದರೆ ಅತ್ತಿಗೆ. "ವೈನಿಯ ಗಾಡಿಯೊಳಗ ಕೂತ್ರ ಮನಿಯಾಗ ಕೂತಂಗ" ಎಂಬ ಮಾತು ಹಬ್ಬಿತು. ಅದನ್ನು ಹೇಳುವಾಗ ನರ್ಮದಾ ನಗುವುದಿಲ್ಲ. ಸೂಜಿಗೆ ದಾರ ಪೋಣಿಸುವ ನೆಪ ಮಾಡಿ ಮುಖ ತಗ್ಗಿಸುತ್ತಾರೆ.

ಆ ದಿನಗಳಲ್ಲಿ ಗೂಳಪ್ಪನವರ ಜೊತೆ ಅದೇ ಮಾಲಕರ ಇನ್ನೊಂದು ಲಾರಿ ಓಡಿಸುತ್ತಿದ್ದವರು ಬಸವಲಿಂಗ. ಪಕ್ಕದ ಊರಿನವರು, ಗೂಳಪ್ಪನವರಿಗಿಂತ ಹತ್ತು ವರ್ಷ ಚಿಕ್ಕವರು. ಧನಕವಡಿಯಲ್ಲೇ ಎರಡು ಓಣಿ ಆಚೆ ಮನೆ. ಹೆಂಡತಿ ಶೀತಲ್ ನಿಪ್ಪಾಣಿಯವಳು, ಕನ್ನಡ ಮರಾಠಿ ಎರಡನ್ನೂ ಕಲಸಿ ಮಾತಾಡುವವಳು. ರವಿವಾರ ಎರಡೂ ಮನೆಯವರ ಊಟ ಒಂದೇ ಕಡೆ. ನರ್ಮದಾ ಜೋಳದ ರೊಟ್ಟಿ ಬಡಿದರೆ ಶೀತಲ್ ಝುಣಕ ಮಾಡುವಳು. ತನಗೆ ಅಕ್ಕತಂಗಿಯರಿಲ್ಲ ಎಂದು ನರ್ಮದಾ ಅವರ ಹೆಗಲಿಗೆ ಒರಗಿ ಕೂರುತ್ತಿದ್ದಳು.

ಬಸವಲಿಂಗ ಅವರಿಗೆ ಕಿವಿಯ ತ್ರಾಸಿಗಿಂತ ತಲೆನೋವಿನ ತ್ರಾಸು ಹೆಚ್ಚು. ಖೇಪು ಮುಗಿಸಿ ಬಂದರೆ ತಲೆಗೆ ಬಟ್ಟೆ ಬಿಗಿದುಕೊಂಡು ಮಲಗುತ್ತಿದ್ದರು. ಎರಡು ಸಾವಿರದ ಹದಿನೆಂಟರ ದಸರೆ ಕಳೆದ ಮೇಲೆ ಶೀತಲ್ ಒಂದು ಗಂಟು ಹೊತ್ತುಕೊಂಡು ಶೆಡ್ಡಿಗೆ ಬಂದಳು. ಬಿಚ್ಚಿದರೆ ಒಳಗೆ ಅವಳ ಮದುವೆಯಲ್ಲಿ ಬಂದ ಸೀರೆಗಳು. ಹಳೆಯವಲ್ಲ, ಮಡಿಕೆ ಕೂಡ ಮುರಿದಿರಲಿಲ್ಲ.

"ಇವನ್ನ ಹಾಕಿ ಹೊಲೀರಿ ವೈನಿ," ಅಂದಳಂತೆ. "ಒಂದ ಸಪ್ಪಳ ಸುದ್ಧಾ ಒಳಗ ಬರಬಾರದ. ಅವರು ಆರಾಮ ಗಾಡಿ ಹೊಡೀಬೇಕು."

ನರ್ಮದಾ ಹಾಗೆಯೇ ಹೊಲಿದರು. ಅಲ್ಲಿಯವರೆಗೆ ಅವರು ಯಾವ ಲಾರಿಗೂ ಅಷ್ಟು ಮಾಡಿರಲಿಲ್ಲ. ನಾಲ್ಕು ಪದರಿದ್ದಲ್ಲಿ ಎಂಟು ಪದರು. ಪೆಡಲುಗಳ ಹಿಂದೆ, ಸ್ಟೇರಿಂಗಿನ ಬುಡಕ್ಕೆ, ಟರ್ಬೋದ ಪೈಪು ಹಾಯುವ ಮಗ್ಗುಲಿಗೆ ನಮದಾ ತುರುಕಿದರು. ಮೂರು ದಿನದ ಕೆಲಸ. ಕೊನೆಗೆ ಬಸವಲಿಂಗ ಲಾರಿ ಶುರು ಮಾಡಿ, ಬಾಗಿಲು ಹಾಕಿಕೊಂಡು, ಒಳಗೆ ಕೂತು ನಕ್ಕರು. ಬಾಗಿಲು ತೆಗೆದು, "ವೈನಿ, ಎಂಜಿನ್ ಚಾಲೂ ಅದನೋ ಇಲ್ಲೋ ನನಗ ಗೊತ್ತಾಗವಲ್ದು," ಅಂದರು. ನರ್ಮದಾ ಅವರಿಗೆ ಅದು ಆ ಕ್ಷಣ ಸಿಕ್ಕ ದೊಡ್ಡ ಬಹುಮಾನ.

"ಅವತ್ತ ನಾ ವಿಚಾರ ಮಾಡಬೇಕಿತ್ತರಿ," ಎನ್ನುತ್ತಾರೆ ಈಗ. "ಗೊತ್ತಾಗವಲ್ದು ಅಂತ ಅಂವ ಬಾಯಿಬಿಟ್ಟ ಹೇಳಿದ. ನಾ ಹಿಗ್ಗಿದೆ."

ಡಿಸೆಂಬರಿನ ಒಂದು ಮಧ್ಯಾಹ್ನ ಬಸವಲಿಂಗ ಪುಣೆಯಿಂದ ಮಾಲು ತುಂಬಿಕೊಂಡು ಖಂಬಾಟಕಿ ಘಾಟ್ ಹತ್ತುತ್ತಿದ್ದರು. ಅರ್ಧ ಏರಿನಲ್ಲಿ ಲಾರಿಯ ಕಸುವು ಒಮ್ಮೆಲೇ ಇಳಿಯಿತು. ಹಿಂದೆ ಕರಿಹೊಗೆ ಕಟ್ಟಿತು, ಎಂಜಿನ್ ಬಂದ್ ಆಯಿತು. ಹ್ಯಾಂಡ್ ಬ್ರೇಕ್ ಹಾಕಿ ಅವರು ಕೆಳಗಿಳಿದರು. ಹಳೆ ಗಾಡಿ, ಮೈತುಂಬ ಭಾರ, ಕಡಿದಾದ ಏರು. ಬ್ರೇಕಿನ ಮೇಲೆ ನಂಬಿಕೆ ಸಾಲದೆ ರಸ್ತೆಬದಿಯ ಕಲ್ಲು ತಂದು ಹಿಂದಿನ ಗಾಲಿಗೆ ಕೊಡಲು ಬಗ್ಗಿದರು. ಲಾರಿ ಒಂದು ಗೇಣು ಹಿಂದೆ ಸರಿಯಿತು. ಒಂದೇ ಗೇಣು. ಬಲಪಾದ ಗಾಲಿಯ ಕೆಳಗಿತ್ತು.

ಆಮೇಲೆ ಲಾರಿಯನ್ನು ಎಳೆದು ತಂದ ಮೇಸ್ತ್ರಿ ಎಂಜಿನ್ ಬಿಚ್ಚಿ ನೋಡಿ ಹೇಳಿದ್ದು ಇಷ್ಟು. ಟರ್ಬೋದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪು ಸೀಳಿದೆ. ಅವತ್ತು ಸೀಳಿದ್ದಲ್ಲ. ಎಂಟು ಹತ್ತು ದಿನದಿಂದ ಅಲ್ಲಿಂದ ಗಾಳಿ ಸೋರುತ್ತಿತ್ತು, ಬಿಟ್ಟಬಾಯಿ ಬಲೂನಿನ ಹಾಗೆ ಸುಯ್ಯೆಂದು ಒದರುತ್ತಿದ್ದಿರಬೇಕು. ಟರ್ಬೋದ ಸೀಟಿಯಲ್ಲಿ ಅಷ್ಟು ದೊಡ್ಡ ಒಡಕು ಬಂದದ್ದು ಹದಿನೆಂಟು ವರ್ಷ ಸ್ಟೇರಿಂಗ್ ಹಿಡಿದ ಡ್ರೈವರನ ಕಿವಿಗೆ ಬೀಳದೆ ಹೋಗಿದ್ದು ಹೇಗೆ ಎಂದು ಮೇಸ್ತ್ರಿಗೆ ಆಶ್ಚರ್ಯ.

ಆಸ್ಪತ್ರೆಗೆ ಗಂಡಹೆಂಡಿರು ಹೋದಾಗ ಬಸವಲಿಂಗ ಅವರ ಪಾದ ಹೋಗಿ ಮೂರು ದಿನವಾಗಿತ್ತು. ಗೂಳಪ್ಪ ಒಳಗೆ ಹೋದರು. ನರ್ಮದಾ ರೊಟ್ಟಿಯ ಡಬ್ಬಿ ಹಿಡಿದು ಪರದೆಯ ಆಚೆ ನಿಂತಿದ್ದರು. ಗೂಳಪ್ಪನವರಿಗೆ ಕೇಳಿಸಲಿ ಎಂದು ಬಸವಲಿಂಗ ಜೋರಾಗಿಯೇ ಮಾತಾಡುತ್ತಿದ್ದರು.

"ಗಾಡಿ ಜಗ್ಗವಲ್ದು ಅಂತ ಎರಡ ದಿನದಿಂದ ಅನಸ್ತಿತ್ತ ಅಣ್ಣಾ. ಮಾಲ ಹೆಚ್ಚಾಗ್ಯದ ಅಂತ ತಿಳದೆ. ಸಪ್ಪಳ ಕೇಳಿದ್ರ ಕೆಳಗ ನಿಲ್ಲಿಸಿ ನೋಡತಿದ್ದೆ. ನನಗ ಏನೂ ಕೇಳಲಿಲ್ಲ."

ಅದರಲ್ಲಿ ದೂರು ಇರಲಿಲ್ಲ. ಹಾಗಾಯಿತು ಎಂದು ಹೇಳುವ ಧಾಟಿಯಷ್ಟೇ. ನರ್ಮದಾ ಪರದೆ ಸರಿಸಿ ಒಳಗೆ ಹೋಗಲಿಲ್ಲ. ತಿರುಗಿದರೆ ಹಿಂದೆ ಶೀತಲ್ ನಿಂತಿದ್ದಳು. ಅವಳಿಗೂ ಆ ಮಾತು ಕೇಳಿಸಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನರ್ಮದಾ ಅವರ ಕೈಯಿಂದ ಶೀತಲ್ ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ಮರುದಿನ ಡಬ್ಬಿಯನ್ನು ತೊಳೆದು ಗೂಳಪ್ಪನವರ ಕೈಯಲ್ಲಿ ಕಳಿಸಿದಳು. ಅಂದಿನಿಂದ ಇಂದಿನವರೆಗೆ, ಏಳು ವರ್ಷ, ಅವಳು ನರ್ಮದಾ ಅವರ ಜೊತೆ ಒಂದು ಮಾತೂ ಆಡಿಲ್ಲ.

ಲಾರಿಯೊಳಗಿನ ಕೌದಿಗಳನ್ನು ಗೂಳಪ್ಪ ಬಿಚ್ಚಿ ಮನೆಗೆ ತಂದರು. ನರ್ಮದಾ ಬ್ಲೇಡು ಹಿಡಿದು ಕೂತು ಒಂದೊಂದೇ ಹೊಲಿಗೆ ಬಿಡಿಸಿದರು. ವಾರ ಹಿಡಿಯಿತು. ಪೈಪಿನ ಮಗ್ಗುಲಿನ ತುಂಡು ಕೈಗೆ ಬಂದಾಗ ಪದರು ಎಣಿಸಿದರು. ಎಂಟು ಪದರು ಸೀರೆ, ಎರಡು ಪದರು ನಮದಾ. ಸೋರುವ ಗಾಳಿಯ ಸಪ್ಪಳ ಒಳಗೆ ಬರಲು ಇದ್ದದ್ದು ಅದೊಂದೇ ದಾರಿ. ಅವರು ಅಲ್ಲಿಯೇ ಎಲ್ಲಕ್ಕಿಂತ ಗಟ್ಟಿಯಾಗಿ ಹೊಲಿದಿದ್ದರು. ಸೀರೆಗಳನ್ನು ಒಗೆದು, ಮಡಚಿ, ಶೀತಲ್ ಮನೆಗೆ ಕಳಿಸಿದರು. ಅವಳು ಇಟ್ಟುಕೊಂಡಳು.

ಏಳು ತಿಂಗಳು ಶೆಡ್ಡಿನ ಬಾಗಿಲು ತೆರೆಯಲಿಲ್ಲ. ನರ್ಮದಾ ಮತ್ತೆ ಮಾರ್ಕೆಟ್ ಯಾರ್ಡಿಗೆ ಹೋಗಿ ಚೀಲ ಹೊಲಿದರು. ಬೆರಳು ಮೊದಲಿನಂತೆ ಓಡುತ್ತಿರಲಿಲ್ಲ, ಕಣ್ಣೂ ಅಷ್ಟಕ್ಕಷ್ಟೇ.

ಅಲ್ಲಿಗೇ ಒಂದು ದಿನ ಸುಂದರ ಎಂಬ ಡ್ರೈವರ್ ಹುಡುಕಿಕೊಂಡು ಬಂದರು. ಸೊಲ್ಲಾಪುರದವರು, ನಲವತ್ತು ದಾಟಿದ ಮನುಷ್ಯ. ಲಾರಿಗೆ ಕೌದಿ ಬೇಕು, ಸೀಟಿಯಿಂದ ತಲೆ ತಿರುಗುತ್ತದೆ ಎಂದರು. ತಾನು ಆ ಕೆಲಸ ಬಿಟ್ಟಿದ್ದೇನೆ ಎಂದು ನರ್ಮದಾ ಹೇಳಿದರು. ಸುಂದರ ಹೋಗಲಿಲ್ಲ. "ಬಸವಲಿಂಗಣ್ಣ ಕಳಿಸ್ಯಾರ," ಎಂದರು.

ಬಸವಲಿಂಗ ಅಷ್ಟು ಹೊತ್ತಿಗೆ ಕೃತಕ ಪಾದ ಹಾಕಿಕೊಂಡು ಯಾರ್ಡಿನ ಒಂದು ಗೇಟಿನಲ್ಲಿ ಒಳಬರುವ ಲಾರಿಗಳಿಗೆ ಚೀಟಿ ಕೊಡುವ ಕೆಲಸಕ್ಕೆ ಕೂತಿದ್ದರು. ನರ್ಮದಾ ದಿನಾ ಇನ್ನೊಂದು ಗೇಟಿನಿಂದ ಸುತ್ತು ಹಾಕಿ ಬರುತ್ತಿದ್ದರು. ಅವತ್ತು ಮೊದಲ ಸಲ ಆ ಗೇಟಿಗೆ ಹೋದರು. ಬಸವಲಿಂಗ ಸ್ಟೂಲು ಸರಿಸಿ, ಕೂರಿ ಎಂದರು.

"ನನ್ನ ಕಡೆ ಯಾಕ ಕಳಿಸಿದಿ?"

"ಮತ್ತ ಯಾರ ಕಡೆ ಕಳಸ್ಲಿ ವೈನಿ? ಅಂವಗ ತ್ರಾಸ ಅದ. ನಿಮಗ ಕೆಲಸ ಬರ್ತದ."

"ನನ್ನ ಕೆಲಸ ನಿನ್ನ ಕಾಲ ತಿಂತು."

ಬಸವಲಿಂಗ ಲಾರಿಯೊಂದಕ್ಕೆ ಚೀಟಿ ಬರೆದುಕೊಟ್ಟರು. ಆಮೇಲೆ, "ಹಂಗಾದ್ರ ಕೆಲಸ ಕೈಬಿಟ್ರ ಕಾಲ ಬರ್ತದೇನ್ರಿ?" ಎಂದು ಕೇಳಿದರು. "ಪೂರಾ ಮುಚ್ಚಬ್ಯಾಡ್ರಿ. ಯಾವುದು ಕೇಳಬೇಕೋ ಅದನ್ನ ಕೇಳಸ್ರಿ. ಅದು ನಿಮಗ ಅಷ್ಟ ಗೊತ್ತಾಗ್ತದ."

ಅದು ನರ್ಮದಾ ಅವರಿಗೂ ಗೊತ್ತಿರಲಿಲ್ಲ. ಕಲಿಯಬೇಕಾಯಿತು. ಗೂಳಪ್ಪ ಪರಿಚಯದವರ ಹಳೆ ಲಾರಿಯೊಂದನ್ನು ಎರವಲು ತಂದರು. ಮೂರು ವಾರ, ಬೆಳಗಿನ ಹೊತ್ತು, ಭಾರ ತುಂಬಿ ಕಾತ್ರಜದ ಏರು ಹತ್ತಿಸಿದರು. ಒಂದು ದಿನ ಪೈಪಿನ ಪಟ್ಟಿ ಬೇಕೆಂದೇ ಅರ್ಧ ಸಡಿಲು ಮಾಡುವರು, ಇನ್ನೊಂದು ದಿನ ಹಳೆ ಪೈಪಿಗೆ ಬ್ಲೇಡಿನಿಂದ ಸಣ್ಣ ಸೀಳು ಹಾಕುವರು. ನರ್ಮದಾ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು, ಎಷ್ಟು ಪದರಿದ್ದರೆ ಆ ಸುಯ್ಯೆನ್ನುವುದು ಕೇಳಿಸುತ್ತದೆ, ಎಷ್ಟಾದರೆ ಸತ್ತುಹೋಗುತ್ತದೆ ಎಂದು ಗುರುತು ಹಾಕಿಕೊಳ್ಳುವರು. ತಮಗೆ ಸರಿಯಾಗಿ ಕೇಳಿಸದ ಸಪ್ಪಳವನ್ನು ಹೆಂಡತಿಗೆ ಕೇಳಿಸಲು ಗೂಳಪ್ಪ ಪಟ್ಟ ಪಾಡು ಅದು. ಮೂರು ಪದರಿನವರೆಗೆ ಸೋರಿಕೆ ಒಳಗೆ ಬರುತ್ತದೆ, ನಾಲ್ಕಾದರೆ ಅನುಮಾನ, ಐದಾದರೆ ಇಲ್ಲ.

ಹಾಗೆ ಹುಟ್ಟಿದ್ದು ಅವರು ಕಿವಿ ಎಂದು ಕರೆಯುವ ಜಾಗ. ಡ್ರೈವರನ ಎಡಗಾಲಿನ ಪಕ್ಕ, ಪೈಪಿನ ಮಗ್ಗುಲಿಗೆ, ಅಂಗೈಯಗಲ. ಅಲ್ಲಿ ನಮದಾ ಇಲ್ಲ, ರಬ್ಬರಿಲ್ಲ, ಎರಡೇ ಪದರು ತೆಳು ಬಟ್ಟೆ. ಟರ್ಬೋ ಸುಖವಾಗಿರುವಾಗ ಅಲ್ಲಿಂದ ಸಣ್ಣ ಸೀಟಿ ಬರುತ್ತಿರುತ್ತದೆ, ಕಿವಿಗೆ ಚುಚ್ಚುವುದಿಲ್ಲ. ಅದರ ದನಿ ಬದಲಾದರೆ ಗೊತ್ತಾಗುತ್ತದೆ. ಪೂರ್ವಾ ಫೋನಿನಲ್ಲಿ ಸಪ್ಪಳ ಅಳೆಯುವ ಆ್ಯಪ್ ಹಾಕಿಕೊಟ್ಟಿದ್ದಾಳೆ. ಮೊದಲು ಎಂಬತ್ತಾರು ಡೆಸಿಬೆಲ್ ತೋರಿಸುವ ಕ್ಯಾಬಿನ್ನು ಕೆಲಸ ಮುಗಿದ ಮೇಲೆ ಎಪ್ಪತ್ತೇಳಕ್ಕೆ ಇಳಿಯುತ್ತದೆ. ಆ ಕಿವಿಯ ಜಾಗವನ್ನೂ ಮುಚ್ಚಿದರೆ ಎಪ್ಪತ್ತಮೂರಕ್ಕೂ ಇಳಿದೀತು. ನರ್ಮದಾ ಇಳಿಸುವುದಿಲ್ಲ.

ಪ್ರಜ್ವಲನ ಲಾರಿಯ ಕೆಲಸ ಸಂಜೆ ನಾಲ್ಕಕ್ಕೆ ಮುಗಿಯುತ್ತದೆ. ಅವನು ಒಳಗೆ ಕೂತು, ಎಂಜಿನ್ ಶುರು ಮಾಡಿ, ತೃಪ್ತಿಯಿಂದ ತಲೆಯಾಡಿಸಿ, ಎಡಗಾಲಿನ ಪಕ್ಕ ಬಗ್ಗಿ ನೋಡುತ್ತಾನೆ.

"ಕಾಕೂ, ಇದೊಂದ ಬಿಟ್ಟೀರಲಾ. ಇಲ್ಲಿಂದ ಸಪ್ಪಳ ಬರಾಕತ್ತದ. ಮುಚ್ಚಿಬಿಡ್ರಿ."

"ಅದು ಬಿಟ್ಟದ್ದಲ್ಲಪಾ. ಮಾಡಿದ್ದು."

"ಮತ್ತ ಪೂರಾ ಬಂದ್ ಮಾಡಿದ್ರ ಚಲೋ ಆಗ್ತಿತ್ತಲಾ."

ನರ್ಮದಾ ಸೂಜಿ ಕೆಳಗಿಟ್ಟು, ಲಾರಿಯ ಮೆಟ್ಟಿಲ ಮೇಲೆ ಕೂತು, ಅವನಿಗೆ ಬಸವಲಿಂಗ ಅವರ ಕತೆ ಹೇಳುತ್ತಾರೆ. ಹೆಸರು ಹೇಳುತ್ತಾರೆ, ಘಾಟಿನ ಹೆಸರು ಹೇಳುತ್ತಾರೆ, ಎಂಟು ಪದರು ಹೊಲಿದದ್ದು ತಾನೇ ಎಂದೂ ಹೇಳುತ್ತಾರೆ. ಪ್ರತಿ ಡ್ರೈವರನಿಗೂ ಹೀಗೆಯೇ ಹೇಳುತ್ತಾರಂತೆ. ಹೇಳದೆ ಗಾಡಿ ಬಿಡುವುದಿಲ್ಲ. ಪ್ರಜ್ವಲ ಸುಮ್ಮನೆ ಕೇಳಿಸಿಕೊಂಡು, "ಆತ್ರಿ ಕಾಕೂ, ಇರ್ಲಿ ಬಿಡ್ರಿ," ಎಂದು ಲಾರಿ ತಿರುಗಿಸಿಕೊಂಡು ಹೋಗುತ್ತಾನೆ. ಒಪ್ಪಿದನೋ, ದೊಡ್ಡವರ ಮಾತಿಗೆ ಎದುರಾಡಬಾರದು ಎಂದು ಸುಮ್ಮನಾದನೋ ತಿಳಿಯುವುದಿಲ್ಲ.

"ಮುಂದ ಟೇಪ್ ಹಚ್ಚಿ ಮುಚ್ಚತಾನೋ ಏನೋ," ಎನ್ನುತ್ತಾರೆ ನರ್ಮದಾ. "ಹಂಗ ಮುಚ್ಚಿದ್ದು ಎರಡ ಗಾಡ್ಯಾಗ ನಾನ ನೋಡೀನಿ. ಕಿತ್ತು ಒಗದೀನಿ. ಎಲ್ಲಾರ ಹಿಂದ ಹೆಂಗ ಹೋಗಲಿ ನಾನು?"

ಈಗ ವಾರಕ್ಕೆ ಎರಡು ಲಾರಿ ಬಂದರೆ ಹೆಚ್ಚು. ಪೂರ್ವಾ ಚಾಕಣದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗದಲ್ಲಿದ್ದಾಳೆ. ಹೊಸ ಲಾರಿಗಳ ಕ್ಯಾಬಿನ್ನುಗಳು ಒಳಗೇ ಮೆತ್ತೆ ಹಾಕಿಸಿಕೊಂಡು, ಎಸಿ ಹಾಕಿಸಿಕೊಂಡು ಬರುತ್ತವೆ, ಇನ್ನು ನಾಲ್ಕೈದು ವರ್ಷಕ್ಕೆ ಅವ್ವನ ಕೌದಿ ಯಾರಿಗೂ ಬೇಕಾಗುವುದಿಲ್ಲ ಎಂದು ಅವಳ ಲೆಕ್ಕ. ನರ್ಮದಾ ಅವರಿಗೆ ಅದರ ಚಿಂತೆ ಇದ್ದಂತಿಲ್ಲ. ಡ್ರೈವರನ ಕಿವಿ ಉಳಿದರೆ ಸಾಕು, ಯಾರು ಉಳಿಸಿದರೂ ಸರಿ ಎನ್ನುತ್ತಾರೆ. ಕಾತ್ರಜದ ಏರು ಹತ್ತಿ ಹೊಸ ಕಿವಿ ಇಟ್ಟುಕೊಟ್ಟ ಲಾರಿಗಳು ಇಲ್ಲಿಯವರೆಗೆ ನಾನೂರರ ಹತ್ತಿರ. ಅವುಗಳ ಡ್ರೈವರುಗಳಲ್ಲಿ ಮೂವರು, ದನಿ ಬದಲಾದದ್ದು ಕೇಳಿ ಗಾಡಿ ನಿಲ್ಲಿಸಿದೆವು, ಪೈಪು ಸೀಳಿತ್ತು ಎಂದು ಬಂದು ಹೇಳಿ ಹೋಗಿದ್ದಾರೆ. ಸುಂದರ ಆ ಮೂವರಲ್ಲಿ ಒಬ್ಬರು. ಆ ಸುದ್ದಿ ಬಂದ ದಿನ ನರ್ಮದಾ ಅದನ್ನು ಗೇಟಿಗೆ ಹೋಗಿ ಬಸವಲಿಂಗ ಅವರಿಗೆ ತಿಳಿಸಿದರು. ಅವರು ಎರಡು ಚಹಾ ತರಿಸಿದರು.

ಬಸವಲಿಂಗ ಮನೆಗೆ ಬರುತ್ತಾರೆ, ಹಬ್ಬಕ್ಕೆ ಊಟ ಮಾಡುತ್ತಾರೆ. ಶೀತಲ್ ಬರುವುದಿಲ್ಲ. ಕಿರಾಣಿ ಅಂಗಡಿಯಲ್ಲಿ, ಬಸ್ ಸ್ಟಾಪಿನಲ್ಲಿ ಎದುರಾದರೆ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದು ಹೋಗುತ್ತಾಳೆ. ಒಮ್ಮೆ ನರ್ಮದಾ ಅವಳ ಮನೆಯ ಬಾಗಿಲವರೆಗೆ ಹೋಗಿ, ಒಳಗೆ ಅವಳು ಪಾತ್ರೆ ತೊಳೆಯುವ ಸಪ್ಪಳ ಕೇಳಿ, ಕರೆಯದೆ ತಿರುಗಿ ಬಂದಿದ್ದಾರೆ.

ಸಿಟ್ಟಿದೆಯೇ ಅವಳಿಗೆ ನಿಮ್ಮ ಮೇಲೆ ಎಂದರೆ ನರ್ಮದಾ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಡುತ್ತಾರೆ. ಹೊಲಿದ ಕೌದಿಯ ಅಂಚನ್ನು ಬೆರಳಿನಿಂದ ಒತ್ತಿ ನೋಡುತ್ತ ಕೂರುತ್ತಾರೆ.

"ಆಕಿ ಸಿಟ್ಟ ನನ್ನ ಮ್ಯಾಲ ಅದನೋ, ತನ್ನ ಮ್ಯಾಲ ಅದನೋ ನನಗ ತಿಳೀವಲ್ದ್ರಿ. ಸೀರಿ ತಂದಾಕಿ ಆಕಿ. ಒಂದ ಸಪ್ಪಳ ಬರಬಾರದು ಅಂದಾಕಿ ಆಕಿ. ಅದನ್ನ ನೆನಸಿಕೊಂಡು ಒಳಗ ಒಳಗ ಸುಡತಿರಬೇಕು. ಆದ್ರ ಆಕಿಗೇನ ಗೊತ್ತಿತ್ರಿ ಗಾಡಿದು? ಗಂಡನ ತಲಿನೋವಷ್ಟ ಗೊತ್ತಿತ್ತು. ಗಾಡಿದು ಗೊತ್ತಿದ್ದಾಕಿ ನಾನು. ಬ್ಯಾಡವಾ, ಇಷ್ಟ ಮುಚ್ಚಬಾರದು ಅಂತ ಹೇಳಬೇಕಾದಾಕಿ ನಾನು."

ಶೆಡ್ಡಿನ ಆಚೆ ಗೂಳಪ್ಪ ನಾಳೆಯ ಲಾರಿಗೆ ಬೇಕಾದ ಪೈಪಿನ ಪಟ್ಟಿಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದಾರೆ. ನಿಮಗೆ ಇನ್ನೇನಾದರೂ ಆಗಬೇಕೆಂದಿದೆಯೇ ಎಂಬ ಪ್ರಶ್ನೆಗೆ ನರ್ಮದಾ ಅವರ ಬಳಿ ಉತ್ತರ ಸಿದ್ಧವಾಗಿಯೇ ಇದೆ. ಬಹಳ ದಿನದಿಂದ ಯೋಚಿಸಿ ಇಟ್ಟುಕೊಂಡಂತೆ, ತಡವರಿಸದೆ ಹೇಳುತ್ತಾರೆ.

"ಶೀತಲ್ ಒಂದ ಸಲ ಇಲ್ಲಿ ಬರಬೇಕ್ರಿ. ಬಂದು ನನಗ ಬೈಬೇಕು. ಬಾಯಿಗೆ ಬಂದಂಗ ಬೈಲಿ, ಮಂದಿ ಕೇಳ್ಯಾರಂತ ನೋಡೂದ ಬ್ಯಾಡ. ಆಕಿ ಬೈಯೂದು ಮುಗಿಯೂತನಕ ನಾ ಅಡ್ಡ ಮಾತಾಡೂದಿಲ್ಲ. ಅಷ್ಟ ಆದ್ರ ಆಕಿಗೆ ನಿದ್ದಿ ಬರ್ತದ."